ತಗಡಿನ ಗೋಡೆಯ ಹಸಿರು ಪುಡಿ

ಬೊಳ್ಳಮ್ಮನಿಗೆ ಯಾರ ಮೇಲೆ ಸಂಶಯವಿರಲಿಲ್ಲ ಎಂದು ಕೇಳುವುದೇ ಸುಲಭ. ಹಾಲಿನವಳು ಹಾಲು ಸುರಿದು ಹೋದ ಮೇಲೆ ಬೆರಳ ಉಗುರಿನ ಮೇಲೆ ಒಂದು ತೊಟ್ಟು ಇಟ್ಟು ನೋಡುವಳು. ಸಂತೆಯಿಂದ ತಂದ ಬೆಲ್ಲದ ಅಚ್ಚನ್ನು ಒಡೆದು ಒಳಗೆ ಮರಳು ಇದೆಯೋ ಎಂದು ಹುಡುಕುವಳು. ಬಸ್ಸಿನಲ್ಲಿ ಕೂತರೆ ಸೆರಗಿನ ಗಂಟನ್ನು ಹಿಡಿದ ಕೈ ಇಳಿಯುವ ತನಕ ಸಡಿಲವಾಗುತ್ತಿರಲಿಲ್ಲ. ಸಿದ್ದಾಪುರದ ಪೇಟೆಯಲ್ಲಿ ಅಂಗಡಿಯವರು ಅವಳು ಬರುವುದನ್ನು ದೂರದಿಂದಲೇ ಕಂಡು ತಕ್ಕಡಿಯ ತಟ್ಟೆಯನ್ನು ಒಮ್ಮೆ ಒರೆಸಿಡುತ್ತಿದ್ದರು.

ಅವಳ ಗಂಡ ಉತ್ತಯ್ಯ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಾತು ಕಮ್ಮಿ, ನಡಿಗೆ ನಿಧಾನ. ಬಿಳಿಯ ದೊರೆಯೊಬ್ಬ ತೋಟ ಮಾರಿ ಸೀಮೆಗೆ ಹೊರಟಾಗ ಅವನ ಹಳೇ ಕ್ಲಬ್ಬಿನ ಕಟ್ಟಡವನ್ನು ಬಿಚ್ಚಿ ಹಾಕಿದ್ದರು. ಅದರ ತಗಡಿನ ಶೀಟುಗಳನ್ನು ಉತ್ತಯ್ಯ ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದು ವಿರಾಜಪೇಟೆ ರಸ್ತೆಯ ಬದಿಯಲ್ಲಿ ಮನೆ ಎಬ್ಬಿಸಿದ. ಸೊಂಟದೆತ್ತರಕ್ಕೆ ಇಟ್ಟಿಗೆ, ಅದರ ಮೇಲೆ ಸೂರಿನ ತನಕ ಅಲೆಅಲೆಯಾದ ತಗಡು, ತಗಡಿಗೆ ಕಡುಹಸಿರು ಬಣ್ಣ. ಊರವರಿಗೆ ಅದು ‘ತಗಡಿನ ಮನೆ’ ಆಯಿತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಆ ಕಡುಹಸಿರು, ಮಾಸಿದ ಸೀರೆಯ ಹಾಗೆ, ಬೂದಿ ಬಣ್ಣಕ್ಕೆ ತಿರುಗಿತ್ತು.

ಅದರಿಂದ ಯಾರಿಗೂ ತೊಂದರೆಯಿರಲಿಲ್ಲ, ಮಗಳು ಕಮಲಳ ಸಂಬಂಧದ ಮಾತು ಬರುವ ತನಕ. ಭಾಗಮಂಡಲದ ಕಡೆಯಿಂದ ಹುಡುಗನ ತಂದೆ ಪೂವಯ್ಯ ಬಂದು ಜಗಲಿಯ ಬೆಂಚಿನಲ್ಲಿ ಕೂತು, ಗೋಡೆಗೆ ಬೆನ್ನು ಕೊಟ್ಟು, ಎರಡು ಗಂಟೆ ಮಾತಾಡಿದರು. ಮಾತೆಲ್ಲ ಚೆನ್ನಾಗಿಯೇ ಆಯಿತು. ಮದುವೆ ಮೇ ತಿಂಗಳ ಎರಡನೇ ವಾರ ಎಂದು ನಿಶ್ಚಯವೂ ಆಯಿತು. ಎದ್ದು ಹೊರಟಾಗ ಅವರು ತೊಟ್ಟಿದ್ದ ಕಪ್ಪು ನಿಲುವಂಗಿ ಕುಪ್ಯದ ಬೆನ್ನ ತುಂಬ ಹಸಿರು ಪುಡಿ! ಹಿಂದಿನಿಂದ ನೋಡಿದರೆ ಯಾರೋ ಹಿಟ್ಟಿನ ಕೈಯಲ್ಲಿ ಬಡಿದು ಕಳಿಸಿದ ಹಾಗೆ ಕಾಣುತ್ತಿತ್ತು. ಪೂವಯ್ಯನವರಿಗೆ ಗೊತ್ತೇ ಆಗಲಿಲ್ಲ. ಬೊಳ್ಳಮ್ಮ ಕಂಡಳು, ಹೇಳಲು ಬಾಯಿ ಬರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗೋಡೆಯ ಮೇಲೆ ಅಂಗೈ ಒತ್ತಿ ಎತ್ತಿದಳು. ಅಂಗೈ ಹಸಿರಾಗಿತ್ತು.

“ಮದುವೆಗೆ ಮುಂಚೆ ಇದಕ್ಕೆ ಬಣ್ಣ ಹೊಡೆಸೊಕು,” ಎಂದಳು ಗಂಡನಿಗೆ.

“ಹೊಡೆಸುವ,” ಎಂದ ಉತ್ತಯ್ಯ.

ಮೊದಲು ಬಂದವನು ವಿರಾಜಪೇಟೆಯ ನಾಗರಾಜು. ಬಣ್ಣದ ಕೆಲಸದ ಕಾಂಟ್ರಾಕ್ಟರು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಬಣ್ಣದ ಚೀಟಿಗಳ ಪುಸ್ತಕ. ಮನೆಯನ್ನು ಒಂದು ಸುತ್ತು ಬಂದು, “ನಾಲ್ಕೂ ಕಡೆ ಎರಡೆರಡು ಕೋಟು ಹೊಡೆದುಬಿಡೋಣ ಅಮ್ಮ. ಮೂರೇ ದಿನ. ಮದುವೆ ಮನೆ ಅಂದ್ರೆ ಹೊಸ ಬಣ್ಣದ ವಾಸನೆ ಬರಬೇಕು,” ಎಂದ. ಅವನು ಗೋಡೆಯನ್ನು ಮುಟ್ಟಲೇ ಇಲ್ಲ ಎಂಬುದನ್ನು ಬೊಳ್ಳಮ್ಮ ಗಮನಿಸಿದಳು.

ಎರಡನೆಯವನನ್ನು ಉತ್ತಯ್ಯನೇ ಕರೆತಂದ. ಎಸ್ಟೇಟಿನ ಸ್ಟೋರಿನ ಬಾಗಿಲುಗಳಿಗೆ ಬಣ್ಣ ಬಳಿಯುತ್ತಿದ್ದ ಜವರಪ್ಪ. ಕುಶಾಲನಗರದಾಚೆ ಶಿರಂಗಾಲದವನು, ಅರವತ್ತರ ಹತ್ತಿರ ವಯಸ್ಸು. ಪ್ರಾಯದಲ್ಲಿ ಮೈಸೂರಿನಲ್ಲಿ ರೈಲ್ವೆ ಡಬ್ಬಿಗಳಿಗೆ ಬಣ್ಣ ಹೊಡೆಯುವಲ್ಲಿ ಕೆಲಸ ಮಾಡಿದ್ದನಂತೆ. ಅವನು ಮನೆ ಸುತ್ತಲಿಲ್ಲ. ಒಂದು ಬಟ್ಟೆ ಚೂರನ್ನು ನೀರಲ್ಲಿ ಅದ್ದಿ ಗೋಡೆಯ ಮೇಲೆ ಒತ್ತಿ ಎಳೆದ. ಒದ್ದೆಯಾದ ಕಡೆ ಹಳೆಯ ಕಡುಹಸಿರು ಒಂದು ಗಳಿಗೆ ಎದ್ದು ಬಂತು. ಒಣಗುತ್ತಲೇ ಮತ್ತೆ ಬೂದಿಯಾಯಿತು.

“ನೋಡಿದ್ರಾ ಅಮ್ಮಾರೆ? ಬಣ್ಣ ಸತ್ತಿಲ್ಲ. ಬಿಸಿಲಿಗೆ ಮೇಲಿನ ಮುಖ ಮಾತ್ರ ಸುಟ್ಟು ಪುಡಿ ಆಗೈತೆ. ಆ ಪುಡಿ ತೊಳೆದು, ಒಣಗಿಸಿ, ತೆಳ್ಳಗೆ ಅಗಸೆ ಎಣ್ಣೆ ತಿಕ್ಕಿದ್ರೆ ಇದೇ ಬಣ್ಣ ಎದ್ದು ನಿಲ್ತದೆ. ಮೂರು ಗೋಡೆಗೆ ಹೊಸ ಬಣ್ಣನೇ ಬೇಡ.”

“ನಾಲ್ಕನೇದಕ್ಕೆ?”

“ಪಡುವಣ ಗೋಡೆ ಮಳೆ ತಿಂದೈತೆ. ಅಲ್ಲಿ ತಗಡೇ ಕಾಣ್ತಾ ಐತೆ, ತುಕ್ಕೂ ಹಿಡಿದೈತೆ. ಅದಕ್ಕೆ ತೊಳೆದ್ರೆ ಆಗಾಕಿಲ್ಲ. ಕೆರೆದು, ತುಕ್ಕು ತಡೆಯೋ ಕೆಂಪು ಹೊಡೆದು, ಮೇಲೆ ಬಣ್ಣ ಹೊಡೀಬೇಕು.”

ಅವನು ಹೋದ ಮೇಲೆ ಬೊಳ್ಳಮ್ಮ ಗಂಡನ ಕಡೆ ತಿರುಗಿದಳು. “ಬಣ್ಣ ಬೇಡ ಹೇಳುವ ಬಣ್ಣದವನನ್ನ ಎಲ್ಲಾದರೂ ಕಂಡುಟ್ಟಾ? ಇದರಲ್ಲಿ ಎಂತದೋ ಮೋಸ ಉಟ್ಟು.”

“ನಿಂಗೆ ಎಲ್ಲದರಲ್ಲೂ ಎಂತದೋ ಉಟ್ಟು,” ಎಂದ ಉತ್ತಯ್ಯ.

ಅವಳ ಸಂಶಯಕ್ಕೆ ಬೇರು ಎಲ್ಲಿತ್ತೆಂದು ಉತ್ತಯ್ಯನಿಗೆ ಗೊತ್ತಿತ್ತು. ಅದಕ್ಕೇ ಅವನು ಹೆಚ್ಚು ಮಾತಾಡಲಿಲ್ಲ. ಬೊಳ್ಳಮ್ಮ ಮದುವೆಯಾಗಿ ಬಂದ ಮರುವರ್ಷ, ಹತ್ತೊಂಬತ್ತರ ಪ್ರಾಯ. ಮನೆಯವರೆಲ್ಲ ಗದ್ದೆಗೆ ಹೋಗಿದ್ದ ಒಂದು ಹಗಲು, ಒಡವೆಗೆ ಪಾಲಿಶ್ ಮಾಡುವವನೊಬ್ಬ ಅಂಗಳಕ್ಕೆ ಬಂದ. ಹಳತನ್ನು ಹೊಸತು ಮಾಡಿ ಕೊಡುತ್ತೇನೆ ತಾಯಿ, ನಿಮ್ಮ ಕಣ್ಣ ಮುಂದೆಯೇ, ಎಂದ. ಅತ್ತೆಯ ಚಿನ್ನದ ಸರ, ಪದಕವಿದ್ದ ಕೊಕ್ಕೆತಾತಿ, ಕೊಳೆ ಹಿಡಿದು ಕಪ್ಪಾಗಿತ್ತು. ಅತ್ತೆಗೆ ಸಂತೋಷವಾಗಲಿ ಎಂದು ಬೊಳ್ಳಮ್ಮ ಅದನ್ನು ತಂದುಕೊಟ್ಟಳು. ಅವನು ಹಳದಿ ನೀರಿನಲ್ಲಿ ಅದ್ದಿದ, ಬ್ರಷ್ಷಿನಲ್ಲಿ ಉಜ್ಜಿದ, ಫಳಫಳ ಹೊಳೆಯುವ ಒಡವೆಯನ್ನು ಅವಳ ಕೈಗಿಟ್ಟು ನೀರಿನ ಪಾತ್ರೆ ಎತ್ತಿಕೊಂಡು ಹೋದ. ಸಂಜೆ ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಮಡಿಕೇರಿಯ ಅಕ್ಕಸಾಲಿಯ ಹತ್ತಿರ ಹೋದಾಗ ತಿಳಿಯಿತು, ಚಿನ್ನದಲ್ಲಿ ಮೂರನೇ ಒಂದು ಪಾಲು ಆ ನೀರಿನ ಜೊತೆ ಹೋಗಿತ್ತು.

ಹೋದ ಚಿನ್ನ ಹೋಗಲಿ. ಅತ್ತೆ ಸಾಯುವ ತನಕ, ಹದಿನಾರು ವರ್ಷ, ನೆಂಟರಿಷ್ಟರ ಮುಂದೆ ಒಂದೇ ಮಾತು ಆಡಿದಳು: “ಇವಳೂ ಅವನೂ ಪಾಲು ಮಾಡಿಕೊಂಡರು.” ಬೊಳ್ಳಮ್ಮ ಇಲ್ಲವೆಂದರೆ ಕಳ್ಳಿಗೆ ಬಾಯಿ ಜಾಸ್ತಿ, ಸುಮ್ಮನಿದ್ದರೆ ಒಪ್ಪಿಕೊಂಡಳು. ಅಂಥ ಹದಿನಾರು ವರ್ಷ ಕಳೆದವಳ ಮುಂದೆ ನಿಂತು ಜವರಪ್ಪ ‘ತೊಳೆದು ಹೊಸದು ಮಾಡಿಕೊಡ್ತೀನಿ’ ಎಂದಿದ್ದ.

ಆದರೂ ಬೊಳ್ಳಮ್ಮ ಬುದ್ಧಿವಂತೆ. ಇಬ್ಬರನ್ನೂ ನಂಬದೆ ಇಬ್ಬರನ್ನೂ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದಳು. ಬಚ್ಚಲ ಹಿಂದಿನ ಗೋಡೆಯಲ್ಲಿ, ಹೋಗಿಬರುವವರ ಕಣ್ಣಿಗೆ ಬೀಳದ ಕಡೆ, ಒಂದು ಶೀಟನ್ನು ಜವರಪ್ಪ ತೊಳೆಯಬೇಕು. ಅದರ ಪಕ್ಕದ ಶೀಟಿಗೆ ನಾಗರಾಜು ಬಣ್ಣ ಹೊಡೆಯಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದರೆ? ಅದಕ್ಕೂ ಅವಳಲ್ಲಿ ಉಪಾಯವಿತ್ತು. ನಾಗರಾಜು ಮುಂಬಾಗಿಲ ಮೇಲೆ, ಮಾಡಿನ ತುದಿಯ ಹತ್ತಿರ, ಇನ್ನೊಂದು ಶೀಟಿಗೂ ಬಣ್ಣ ಹೊಡೆಯಬೇಕು. ಏಣಿಯಿಲ್ಲದೆ ಅಲ್ಲಿಗೆ ಯಾರ ಕೈಯೂ ಎಟುಕದು. ಏಣಿ ಉಗ್ರಾಣದಲ್ಲಿ, ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ.

ಜವರಪ್ಪ ಕೆಲಸ ಮಾಡಿದ ದಿನ ಬೊಳ್ಳಮ್ಮ ಮಣೆ ಹಾಕಿಕೊಂಡು ಎದುರಿಗೇ ಕೂತಳು. ಅವನು ತಂದ ನೀರಿನ ಡಬ್ಬ ಬೇಡವೆಂದು ತನ್ನ ಮನೆಯ ಬಕೆಟ್ಟೇ ಕೊಟ್ಟಳು. ಸೋಡಾ ಪುಡಿಯ ಪೊಟ್ಟಣವನ್ನು ಬಿಚ್ಚಿಸಿ ಮೂಸಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಸೋಡಾ ನೀರಿನಲ್ಲಿ ತೆಂಗಿನ ನಾರು ಅದ್ದಿ, ಅಲೆಯ ಗುಂಟ ಮೇಲಿನಿಂದ ಕೆಳಗೆ ಮೆಲ್ಲಗೆ ಉಜ್ಜಿದ. ಹಸಿರು ಹಾಲಿನಂಥ ನೀರು ಇಳಿಯಿತು. ಇಳಿಯುವ ನೀರು ತಿಳಿಯಾಗುವ ತನಕ ಒಳ್ಳೆ ನೀರು ಹೊಯ್ದ. ಮಧ್ಯಾಹ್ನದ ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಟರ್ಪೆಂಟೈನು ಬೆರೆಸಿದ ಎಣ್ಣೆಯನ್ನು ಬಟ್ಟೆಯಲ್ಲಿ ತೀಡಿ, ಇನ್ನೊಂದು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದ. ಹನ್ನೊಂದು ವರ್ಷದ ಹಿಂದಿನ ಹಸಿರು ಎದ್ದು ನಿಂತಿತು.

“ಎಣ್ಣೆ ಹಚ್ಚಿದ ತಲೆಯೂ ಎರಡು ದಿನ ಹೊಳೀತದೆ,” ಎಂದಳು ಬೊಳ್ಳಮ್ಮ.

“ಎರಡು ದಿನ ಅಲ್ಲ, ಎರಡು ತಿಂಗಳು ಬುಟ್ಟು ನೋಡಿ,” ಎಂದ ಜವರಪ್ಪ. “ರೈಲಿಗೆ ವರ್ಷ ವರ್ಷ ಬಣ್ಣ ಹೊಡೀತಾರಾ ಅಮ್ಮಾರೆ? ತೊಳೀತಾರೆ.”

ನಾಗರಾಜು ಮರುದಿನ ಬಂದು ತನ್ನ ಎರಡು ಶೀಟುಗಳನ್ನು ಒಂದೇ ಹೊತ್ತಿನಲ್ಲಿ ಮುಗಿಸಿದ. ಹೊಸ ಬಣ್ಣ ಕನ್ನಡಿಯಂತೆ ಹೊಳೆಯಿತು. ಬೊಳ್ಳಮ್ಮನಿಗೆ ಮನಸ್ಸಿನಲ್ಲೇ ಅದು ಮೆಚ್ಚಿಗೆಯಾಯಿತು.

ಮಾರ್ಚಿ ತಿಂಗಳ ಕೊನೆಗೆ ಹೂಮಳೆ ಬಂತು. ಕಾಫಿ ಅರಳಿ ತೋಟಗಳೆಲ್ಲ ಬೆಳ್ಳಗಾದವು. ಮಳೆಯ ಹಿಂದೆಯೇ ಸುಡು ಬಿಸಿಲು. ಏಪ್ರಿಲಿನ ಒಂದು ಬೆಳಿಗ್ಗೆ ಬೊಳ್ಳಮ್ಮ ಬಚ್ಚಲ ಹಿಂದೆ ಹೋದಾಗ ಜವರಪ್ಪ ಅಲ್ಲಿ ನಿಂತಿದ್ದ. ಎಸ್ಟೇಟಿನಿಂದ ಹೋಗುವ ದಾರಿಯಲ್ಲಿ ತನ್ನ ಕೆಲಸ ಹೇಗಿದೆ ಎಂದು ನೋಡಲು ಬಂದವನು. ಅವನ ಅಂಗೈ ಇದ್ದದ್ದು ಮಾತ್ರ ನಾಗರಾಜುವಿನ ಶೀಟಿನ ಮೇಲೆ. ಆ ಶೀಟಿನ ಹೊಸ ಬಣ್ಣ ಅಲ್ಲಲ್ಲಿ ಬೊಬ್ಬೆ ಎದ್ದು, ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸುಲಿದು ನೇತಾಡುತ್ತಿತ್ತು.

“ಎಂತ ಮಾಡ್ತಾ ಇದ್ದೀ ಅಲ್ಲಿ?”

“ನೋಡ್ತಾ ಇದ್ದೆ ಅಮ್ಮಾರೆ. ಇದು ಹಿಂಗೇ ಆಗೋದು…”

“ಹೇಗೆ ಆಗದೆ ಇರ್ತದೆ? ನೀನು ಬಂದು ಬಂದು ಉಗುರು ಹಾಕಿದರೆ! ಎಂತ ಹಚ್ಚಿದ್ದೀ ಇದಕ್ಕೆ? ಸೋಡಾವಾ, ಆಸಿಡ್ಡಾ? ಅವನ ಕೆಲಸ ಕೆಡಿಸಿದರೆ ನಿನಗೆ ಸಿಗ್ತದೆ ಅಂತ ಮಾಡಿದ್ದಲ್ಲವಾ?”

ಜವರಪ್ಪ ಗೋಡೆಯ ಬುಡದಲ್ಲಿ ಬಿದ್ದಿದ್ದ ಬಣ್ಣದ ಸಿಪ್ಪೆಯೊಂದನ್ನು ಎತ್ತಿ ಬಚ್ಚಲ ಕಟ್ಟೆಯ ಮೇಲಿಟ್ಟ.

“ಇದರ ಬೆನ್ನು ನೋಡಿ,” ಎಂದ. “ನನ್ನ ಮುಖ ನೋಡಬೇಡಿ, ಇದರ ಬೆನ್ನು ನೋಡಿ.” ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಎರಡು ದಿನ ಬೊಳ್ಳಮ್ಮ ಆ ಸಿಪ್ಪೆಯ ಹತ್ತಿರ ಹೋಗಲಿಲ್ಲ. ಸರಿಯಾಗಿಯೇ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಉತ್ತಯ್ಯನಿಗೂ ಹೇಳಿದಳು. ಅವನು ಎಲೆಯಡಿಕೆ ಹಾಕಿಕೊಳ್ಳುತ್ತ, “ಮೇಲಿನ ಶೀಟ್ ನೋಡಿದೆಯಾ?” ಎಂದು ಮಾತ್ರ ಕೇಳಿದ.

ಅವಳು ನೋಡಿರಲಿಲ್ಲ. ಅದನ್ನು ತಾನೇ ಹೊಡೆಸಿದ್ದೆಂಬುದೇ ಸಿಟ್ಟಿನಲ್ಲಿ ಮರೆತುಹೋಗಿತ್ತು. ಅಂಗಳಕ್ಕೆ ಇಳಿದು ತಲೆಯೆತ್ತಿದಳು. ಮುಂಬಾಗಿಲ ಮೇಲೆ, ಮಾಡಿನ ತುದಿಯಲ್ಲಿ, ಅಂಗೈಯಗಲದ ಬಣ್ಣದ ಪರೆಯೊಂದು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಉಗ್ರಾಣದ ಬೀಗ ತೆಗೆದಳು. ಏಣಿಯ ಮೆಟ್ಟಿಲುಗಳಿಗೆ ಜೇಡನ ಬಲೆ ಹಬ್ಬಿತ್ತು. ಒಂದು ತಿಂಗಳಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಉತ್ತಯ್ಯ ಏಣಿಯ ಬುಡ ಹಿಡಿದುಕೊಂಡ, ಬೊಳ್ಳಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದಳು. ಉಗುರು ತಾಗಿಸಿದ್ದೇ ತಡ, ಬಣ್ಣ ಕೈಯಗಲಕ್ಕೆ ಕಳಚಿ ಬಂತು. ತಿರುಗಿಸಿ ಬೆನ್ನು ನೋಡಿದಳು. ಹಳೆಯ ಗೋಡೆಯ ಹಸಿರು ಪುಡಿ ಹಿಟ್ಟಿನಂತೆ ದಪ್ಪವಾಗಿ ಮೆತ್ತಿತ್ತು. ಹೊಸ ಬಣ್ಣ ಗೋಡೆಗೆ ಅಂಟಿರಲೇ ಇಲ್ಲ, ಪುಡಿಗೆ ಅಂಟಿತ್ತು. ಪುಡಿ ಗೋಡೆಯನ್ನು ಬಿಟ್ಟಾಗ ಬಣ್ಣವೂ ಬಿಟ್ಟಿತು. ತೊಳೆಯದೆ ಹೊಡೆದರೆ ಇಡೀ ಮನೆ ಮದುವೆಯ ಹೊತ್ತಿಗೆ ಹೀಗೇ ಸುಲಿಯುತ್ತಿತ್ತು.

ಏಣಿಯ ಮೇಲೆಯೇ ನಿಂತಳು. ಬಚ್ಚಲ ಹಿಂದೆ ತಾನು ಆಡಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಅದು ಅವಳ ದನಿಯಾಗಿರಲಿಲ್ಲ. ಮಾತಿನ ಎಳೆತ, ಕೊನೆಯ ‘ಅಲ್ಲವಾ’, ಎಲ್ಲ ಸತ್ತುಹೋದ ಅತ್ತೆಯದೇ.

“ಇಳಿ, ತಲೆ ತಿರುಗೀತು,” ಎಂದ ಉತ್ತಯ್ಯ ಕೆಳಗಿನಿಂದ.

ಮರುದಿನ ಮೊದಲ ಬಸ್ಸಿಗೆ ಕುಶಾಲನಗರಕ್ಕೆ ಹೋದಳು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶಿರಂಗಾಲದಲ್ಲಿ ಇಳಿದಳು. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಕೇಳಿಕೊಂಡು ಜವರಪ್ಪನ ಮನೆ ಮುಟ್ಟಿದಾಗ ಅವನ ಹೆಂಡತಿ ನಿಂಗಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಂದವರು ಯಾರೆಂದು ಕೇಳಿ ತಿಳಿದದ್ದೇ ಮೊರ ಕೆಳಗಿಟ್ಟಳು. ಕೂರಿ ಎನ್ನಲಿಲ್ಲ.

“ಸಿದ್ದಾಪುರದವರಾ? ಈಗೇನು ಕಳುವಾಯ್ತು ಅಂತ ಹುಡುಕ್ಕೊಂಡು ಬಂದ್ರಿ? ಬನ್ನಿ, ಒಳಗೆ ಬಂದು ಮಡಕೆ ಕುಡಿಕೆ ಎಲ್ಲ ನೋಡ್ಕೊಳ್ಳಿ.”

“ಕಳುವಾಗಿಲ್ಲ. ಅವರ ಹತ್ತಿರ ಮಾತಾಡಬೇಕಿತ್ತು.”

“ಮೂರು ದಿನದಿಂದ ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಆಯಪ್ಪ. ಈ ವಯಸ್ಸಲ್ಲಿ ಕಳ್ಳ ಅನ್ನಿಸಿಕೊಂಡು ಬಂದೆ ಅಂತ. ಇನ್ನೂ ಏನು ಮಾತು?”

ಅಷ್ಟರಲ್ಲಿ ಜವರಪ್ಪ ಗದ್ದೆಯಿಂದ ಬಂದ. ಕಾಲಿನ ಕೆಸರು ತೊಳೆಯುತ್ತ ಬೊಳ್ಳಮ್ಮನನ್ನು ಕಂಡ. ಅವಳು ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ್ದ ಬಣ್ಣದ ಪರೆಯನ್ನು ತೆಗೆದು ಚಾಚಿದಳು.

“ಇದು ಮೇಲಿನ ಶೀಟಿಂದು. ಬೆನ್ನು ನೋಡಿದೆ.”

“ಮೇಲಿಂದೂ ಬಂತಾ?” ಎಂದು ಅವನು ಪರೆಯನ್ನು ಬೆಳಕಿಗೆ ಹಿಡಿದ. ಒಂದು ಕ್ಷಣ ಅವಮಾನ ಮರೆತು, ಬರೀ ಕೆಲಸಗಾರನ ಕಣ್ಣಲ್ಲಿ ನೋಡಿದ.

“ನೀನು ಕೆಡಿಸಿದ್ದಲ್ಲ ಅಂತ ಗೊತ್ತಾಯಿತು. ಏಣಿ ಇದ್ದ ಕೋಣೆಗೆ ಬೀಗ ಇತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.”

ನಿಂಗಮ್ಮ ಥಟ್ಟನೆ ಕೇಳಿದಳು: “ಬೀಗ ಇರ್ನಿಲ್ಲ ಅಂದಿದ್ರೆ?”

ಬೀಗ ಇಲ್ಲದಿದ್ದರೆ ತಾನು ಬರುತ್ತಲೇ ಇರಲಿಲ್ಲ. ಈ ಮನುಷ್ಯ ಇನ್ನು ಹದಿನಾರು ವರ್ಷ ಬದುಕಿದರೆ ಹದಿನಾರು ವರ್ಷವೂ ಕಳ್ಳನಾಗಿಯೇ ಇರುತ್ತಿದ್ದ. ಅದು ಬೊಳ್ಳಮ್ಮನಿಗೆ ಅಂಗಳದ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಜಗಲಿಯ ಅಂಚಿನಲ್ಲಿ, ಯಾರೂ ಹೇಳದೆ, ಕೂತುಬಿಟ್ಟಳು. ತಾನಾಗಿ ಯಾರಿಗೂ ಹೇಳದ ಕೊಕ್ಕೆತಾತಿಯ ಕತೆಯನ್ನು ಆ ಗುರುತಿಲ್ಲದ ಹೆಂಗಸಿಗೆ ಹೇಳಿದಳು. ಹಳದಿ ನೀರು, ಅತ್ತೆಯ ಮಾತು, ನೆಂಟರ ನೋಟ, ಎಲ್ಲವನ್ನೂ. ಕೊನೆಗೆ, “ಕಳ್ಳಿ ಅನ್ನಿಸಿಕೊಂಡರೆ ಹೇಗಿರ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ತಪ್ಪಾಯಿತು,” ಎಂದಳು.

ನಿಂಗಮ್ಮ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದಳು. “ನಿಮ್ಮತ್ತೆ ಹಂಗಂದಾಗ ನಿಮ್ಮ ಯಜಮಾನ್ರು ಏನಂದ್ರು?”

“ಏನೂ ಅನ್ನಲಿಲ್ಲ.”

“ಅದೇ ತಪ್ಪು,” ಎಂದಳು ನಿಂಗಮ್ಮ. ಬೊಳ್ಳಮ್ಮ ಮೂವತ್ತಮೂರು ವರ್ಷದಲ್ಲಿ ಅದನ್ನು ಯೋಚಿಸಿರಲೇ ಇಲ್ಲ.

ಜವರಪ್ಪ ಬರಲು ಒಪ್ಪಿದ. ಒಂದು ಷರತ್ತಿತ್ತು. “ಮಣೆ ಹಾಕ್ಕೊಂಡು ಎದುರಿಗೆ ಕೂರಂಗಿಲ್ಲ ಅಮ್ಮಾರೆ. ಕೈಗೆ ನಾರು ಕೊಡ್ತೀನಿ, ನೀವೂ ಉಜ್ಜಿ. ನೋಡಿ ನಂಬೋದಕ್ಕಿಂತ ಮಾಡಿ ನಂಬೋದು ಸುಲಭ.”

ಮೇ ತಿಂಗಳ ಮೊದಲ ವಾರ ಕೆಲಸ ಶುರುವಾಯಿತು. ಬೊಳ್ಳಮ್ಮ ಮೂಡಣ ಗೋಡೆಯ ಮೊದಲ ಶೀಟನ್ನು ಸಿಟ್ಟಿನಲ್ಲಿ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದಳು. ಎರಡು ಕಡೆ ತಗಡೇ ಹೊಳೆಯಿತು. “ಪುಡಿ ಹೋಗ್ಲಿ ಅಂದ್ರೆ ಬಣ್ಣವನ್ನೇ ಕಳಿಸ್ತಾ ಇದ್ದೀರಲ್ಲ,” ಎಂದು ಜವರಪ್ಪ ನಕ್ಕ. ಕೈ ಹಗುರ ಮಾಡುವುದನ್ನು ಕಲಿಯಲು ಅವಳಿಗೆ ಅರ್ಧ ದಿನ ಬೇಕಾಯಿತು. ಕಮಲಳೂ ನೀರು ಹೊಯ್ಯಲು ಬಂದಳು. ನಾಗರಾಜು ಒಮ್ಮೆ ಬಂದು ತನ್ನ ಶೀಟು ಕಂಡು ಮುಖ ಸಣ್ಣ ಮಾಡಿಕೊಂಡ. ಜವರಪ್ಪ ಅವನಿಗೂ ಆ ಪರೆಯ ಬೆನ್ನು ತೋರಿಸಿದ, ಹಂಗಿಸಲಿಲ್ಲ. ಮೂರು ಗೋಡೆ ನಾಲ್ಕು ದಿನದಲ್ಲಿ ಮುಗಿಯಿತು.

ಉಳಿದದ್ದು ಪಡುವಣ ಗೋಡೆ. ಅದಕ್ಕೆ ಕೆರೆದು ಕೆಂಪು ಹೊಡೆದಾಗಿತ್ತು. ಅಂಗಡಿಯ ಹಸಿರು ತಂದು ಹಾಗೇ ಹೊಡೆದರೆ ತೊಳೆದ ಗೋಡೆಗಳ ಪಕ್ಕದಲ್ಲಿ ಅದೊಂದೇ ಕಣ್ಣಿಗೆ ಹೊಡೆಯುತ್ತದೆ ಎಂದು ಜವರಪ್ಪ ಅದಕ್ಕೆ ಚೂರು ಕಪ್ಪು, ಚೂರು ಹಳದಿ ಬೆರೆಸುತ್ತ ಕೂತ. ಆ ದಿನವೇ ಬೊಳ್ಳಮ್ಮ ಮಗಳ ಜೊತೆ ಸೀರೆ ತೆಗೆಯಲು ವಿರಾಜಪೇಟೆಗೆ ಹೋಗಬೇಕಿತ್ತು. ಉತ್ತಯ್ಯ ಎಸ್ಟೇಟಿನಲ್ಲಿದ್ದ. ಅವಳು ಒಂದು ಗಳಿಗೆ ನಿಂತು ಯೋಚಿಸಿದಳು. ಬಳಿಕ ಮುಂಬಾಗಿಲಿಗೆ ಬೀಗ ಹಾಕದೆ, “ಬಾಯಾರಿದರೆ ಅಡುಗೆ ಕೋಣೆಯಲ್ಲಿ ಕಾಫಿ ಉಂಟು, ಬಗ್ಗಿಸಿ ಕುಡಿ,” ಎಂದು ಹೇಳಿ ಹೊರಟಳು.

ಬಸ್ಸು ನಿಲ್ಲುವ ಜಾಗದ ತನಕ ಹೋದಳು. ಅಲ್ಲಿ ಕಾಲು ತಡೆಯಿತು. “ನೀನು ಇಲ್ಲೇ ನಿಲ್ಲು, ಕೊಡೆ ಮರೆತೆ,” ಎಂದು ಕಮಲಳಿಗೆ ಹೇಳಿ ಸರಸರನೆ ತಿರುಗಿ ಬಂದಳು. ಮನೆಯ ಮೂಲೆಯಿಂದ ಇಣುಕಿದಳು. ಜವರಪ್ಪ ಕೂತಲ್ಲೇ ಕೂತಿದ್ದ. ಕಡ್ಡಿಯ ತುದಿಯ ಬಣ್ಣವನ್ನು ಹಳೇ ಗೋಡೆಗೆ ತಾಗಿಸಿ, ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದ. ತಿರುಗದೆಯೇ ಕೇಳಿದ: “ಏನು ಮರೆತ್ರಿ ಅಮ್ಮಾರೆ?”

“ಕೊಡೆ.”

“ಕೊಡೆ ಕಂಕುಳಲ್ಲೇ ಐತಲ್ಲ.”

ಬೊಳ್ಳಮ್ಮನ ಕಿವಿ ಕೆಂಪಾಯಿತು. ಆಮೇಲೆ ನಗು ಬಂತು, ತಡೆಯಲಾಗದೆ ಗೋಡೆ ಹಿಡಿದುಕೊಂಡು ನಕ್ಕಳು. ಜವರಪ್ಪನೂ ನಕ್ಕ. “ಹೋಗಿ, ಬಸ್ಸು ಬುಟ್ಟುಬುಡ್ತದೆ,” ಎಂದ.

ಅವಳು ಓಡಿದಳು. ಬಸ್ಸು ಸಿಕ್ಕಿತು. ವಿರಾಜಪೇಟೆಯ ಜವಳಿ ಅಂಗಡಿಯಲ್ಲಿ ಸೀರೆಗಳನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಸೆರಗಿನ ತುದಿಯನ್ನು ಒದ್ದೆ ಬೆರಳಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿಯೇ ತೆಗೆದಳು. ಮದುವೆ ಮಳೆಗೆ ಮುಂಚೆ ಚೆನ್ನಾಗಿ ಆಯಿತು. ಜವರಪ್ಪ, ನಿಂಗಮ್ಮ ಇಬ್ಬರೂ ಬಂದು ಉಂಡು, ಎರಡು ದಿನ ತಗಡಿನ ಮನೆಯಲ್ಲಿಯೇ ಉಳಿದು ಹೋದರು.